ಮನೆಯ ಹಾಸಿಗೆ

ಆ ಬೀದಿಯಲ್ಲಿ ಅವನಿಗೆ ಅಳಿಯ ಎಂಬ ಹೆಸರೇ ಗಟ್ಟಿಯಾಗಿಬಿಟ್ಟಿತ್ತು. ಹಾಸಿಗೆ ಅಂಗಡಿಯ ಯಜಮಾನರ ಅಳಿಯ ಎಂದು ಮೊದಮೊದಲು ಪೂರ್ತಿ ಹೇಳುತ್ತಿದ್ದವರು, ಅಷ್ಟುದ್ದ ಯಾರು ಹೇಳಬೇಕು ಎಂದು ಬರಬರುತ್ತ ಮೊದಲಿನದ್ದನ್ನೆಲ್ಲ ಕತ್ತರಿಸಿ ಹಾಕಿದರು. ಹಲ್ಲುದುರಿದ ಮುದುಕರಿಗೂ ಅವನು ಅಳಿಯನೇ, ಮೂಗು ಸುರಿಸಿಕೊಂಡು ಓಡಾಡುವ ಮಕ್ಕಳಿಗೂ ಅಳಿಯನೇ. "ಊರಿಗೆಲ್ಲ ಅಳಿಯ ಆದೋನು ನೀನೊಬ್ಬನೇ ನೋಡು. ಆದ್ರೆ ಒಂದು ಮನೇಲೂ ಉಪಚಾರ ಇಲ್ಲ" ಎಂದು ಎದುರಂಗಡಿಯ ಕ್ಷೌರಿಕ ಛೇಡಿಸುತ್ತಿದ್ದ. ಅಳಿಯ ನಗುತ್ತಿದ್ದ. ಯಾರು ಏನೆಂದರೂ ನಕ್ಕು ಕೆಲಸಕ್ಕೆ ಬಗ್ಗುವುದು ಅವನ ಅಭ್ಯಾಸ.

ಅವನ ಅಪ್ಪ ಇದೇ ಅಂಗಡಿಯಲ್ಲಿ ಬಿಲ್ಲಿನಿಂದ ಬಡಿದು ಹತ್ತಿ ಎಕ್ಕುವ ಕೆಲಸಕ್ಕಿದ್ದವನು. ವರ್ಷಗಟ್ಟಲೆ ಧೂಳು ಕುಡಿದು ಕುಡಿದು ಎದೆ ಕಟ್ಟಿಕೊಂಡು ಸತ್ತ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಯಜಮಾನರು ಹುಡುಗನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದು, "ಇನ್ನು ಇಲ್ಲೇ ಉಣ್ಣು, ಇಲ್ಲೇ ಮಲಗು" ಎಂದರು. ಉಂಡ ಮನೆಗೆ ಎರಡು ಬಗೆಯಬಾರದು ಎಂಬುದನ್ನು ಅವನಿಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅದು ಅನ್ನದ ಜೊತೆಗೇ ಒಳಗೆ ಇಳಿಯಿತು. ಮೀಸೆ ಮೂಡಿದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಹಲ್ಲಿನಲ್ಲಿ ದಾರ ಕಡಿಯುತ್ತ, "ಅಂಗಡಿ ನೋಡ್ಕೋತೀಯಾ? ಸಣ್ಣೀನ ನೋಡ್ಕೋತೀಯಾ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. "ಆಯ್ತು" ಎಂದ. ಎರಡು ಪ್ರಶ್ನೆಗೂ ಸೇರಿ ಒಂದೇ ಆಯ್ತು. ಅಷ್ಟರಲ್ಲಿ ಮದುವೆಯ ಮಾತುಕತೆ ಮುಗಿಯಿತು.

ಸಣ್ಣಿ ಎಂದರೆ ಅವರ ಕಿರಿಮಗಳು. ಹುಟ್ಟುವಾಗ ಅಂಗೈಯಲ್ಲಿ ಹಿಡಿಯುವಷ್ಟು ಸಣಕಲಿಯಾಗಿದ್ದಳಂತೆ. ಆಮೇಲೆ ಮೈ ಕೈ ತುಂಬಿಕೊಂಡು, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬಾರದ ಹಾಗಾದರೂ ಹೆಸರು ಮಾತ್ರ ಸಣ್ಣಿಯೇ. ಒಂದೇ ಅಂಗಳದಲ್ಲಿ ಆಡಿ ಬೆಳೆದವರಾದ್ದರಿಂದ ಗಂಡನನ್ನು ನೀನು ಎಂದೇ ಮಾತಾಡಿಸುತ್ತಿದ್ದಳು. ಒಲೆಯ ಹತ್ತಿರ ಒಬ್ಬಳೇ ಮಾತಾಡಿಕೊಳ್ಳುವುದು, ಮುಚ್ಚಳಗಳಿಗೆ ಬೈಯುವುದು ಅವಳ ಅಭ್ಯಾಸ.

ಅಳಿಯ ಎರಡನ್ನೂ ನೋಡಿಕೊಂಡ. ಹೇಗೆ ನೋಡಿಕೊಂಡ ಎಂದರೆ, ಬೀದಿಯ ಹೆಂಗಸರು ತಮ್ಮ ಗಂಡಂದಿರನ್ನು ಬೈಯುವಾಗ ಅವನನ್ನೇ ಎತ್ತಿ ಆಡುತ್ತಿದ್ದರು. ಸಣ್ಣಿ ಏಳುವ ಮೊದಲೇ ನೀರು ತುಂಬಿಟ್ಟಿರುತ್ತಿದ್ದ. ಅವಳಿಗೆ ತಲೆನೋವೆಂದರೆ ಅಂಗಡಿ ಬಿಟ್ಟು ಬಂದು ಹಣೆ ಒತ್ತುತ್ತಿದ್ದ. ಅಡುಗೆ ಸೀದರೆ ಸೀದದ್ದನ್ನೇ ಉಂಡು, ತಟ್ಟೆ ತೊಳೆದಿಟ್ಟು ಏಳುತ್ತಿದ್ದ. ಕೋಪ ಅವನ ಹತ್ತಿರಕ್ಕೂ ಸುಳಿದದ್ದಿಲ್ಲ. ಮಾವ ಹಾಸಿಗೆ ಹಿಡಿದ ಮೇಲೆ ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಬಾಯಿಗೆ ಗಂಜಿ ಹಾಕಿದವನು ಅವನೇ. ಹೆತ್ತ ಮಗನೂ ಇಷ್ಟು ಮಾಡಲಾರ ಎಂದರು ಜನ. ಹೆತ್ತ ಮಗನಾಗಿದ್ದರೆ ನಡುನಡುವೆ ಒಮ್ಮೆಯಾದರೂ ಗೊಣಗುತ್ತಿದ್ದ ಎಂಬುದು ಆ ಜಾಣರಿಗೆ ಹೊಳೆಯಲಿಲ್ಲ.

ಮದುವೆಯ ಹೊಸದರಲ್ಲಿ ಅವರಿಗೊಂದು ಹೆಣ್ಣು ಮಗು ಹುಟ್ಟಿ, ಕೂರುವುದನ್ನು ಕಲಿಯುವ ಮೊದಲೇ ಜ್ವರ ಬಂದು ತೀರಿಕೊಂಡಿತ್ತು. ಆಗಲೂ ಅಳಿಯನ ಕಡೆಯಿಂದ ಒಂದು ಲೋಪವಿಲ್ಲ. ಡಾಕ್ಟರ ಹತ್ತಿರ ಓಡಿದವನು ಅವನು, ಮಣ್ಣಿಗೆ ಏರ್ಪಾಟು ಮಾಡಿದವನು ಅವನು, ಸಣ್ಣಿಗೆ ತುತ್ತು ಮಾಡಿ ತಿನ್ನಿಸಿದವನೂ ಅವನೇ. ಮಗುವಿನ ಬಟ್ಟೆಬರೆ ತಾಯಿಯ ಕಣ್ಣಿಗೆ ಬೀಳಬಾರದೆಂದು ಹಿರಿಯರು ಹೇಳಿದ್ದಕ್ಕೆ, ಸಿಕ್ಕಿದ್ದನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟು ಬಂದ. ಆ ವಾರ ಒಂದು ಆರ್ಡರ್ ಮುಗಿಸಿ ಕೊಡಬೇಕಿತ್ತು, ಅದನ್ನೂ ಮುಗಿಸಿ ಕೊಟ್ಟ. ಅವನು ಅತ್ತದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಮನೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿರಬೇಕಲ್ಲ ಎಂದುಕೊಂಡಿದ್ದ, ಅಷ್ಟೇ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಹೀಗಿರುವಾಗ ಮಾವ ತೀರಿಕೊಂಡರು. ನೆಂಟರಿಷ್ಟರು ಬಂದು, ಅತ್ತು, ಉಂಡು, ಹೊರಟುಹೋದರು. ಮನೆ ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದಾಗ ಸಣ್ಣಿ ಕೈ ತಟ್ಟೆಯಲ್ಲೇ ಬಿಟ್ಟು ಮಾತು ತೆಗೆದಳು.

"ಅಪ್ಪ ಹೋದ್ರು. ನೀನು ಅವರಿಗೆ ಕೊಟ್ಟ ಮಾತೂ ಅವರ ಜೊತೇಲೇ ಹೋಯ್ತು."

ಅಳಿಯನಿಗೆ ಅರ್ಥವಾಗಲಿಲ್ಲ. "ಯಾವ ಮಾತು?" ಎಂದ.

"ನನ್ನ ನೋಡ್ಕೋತೀನಿ ಅಂದ ಮಾತು. ಚೆನ್ನಾಗೇ ನೋಡ್ಕೊಂಡೆ, ಇಲ್ಲ ಅನ್ನಲ್ಲ. ಇನ್ನು ಸಾಕು. ಅಕ್ಕ ತನ್ನ ಜೊತೆ ಬಾ ಅಂತಿದಾಳೆ. ನಿನ್ನ ಈ ಹಾಸ್ಟೆಲ್ ಹಾಸಿಗೆ ಕೆಲಸ ಮುಗಿದ ಮೇಲೆ ಬಂದು ಕರ್ಕೊಂಡು ಹೋಗ್ತಾಳೆ."

"ನಾನೇನು ಕಡಿಮೆ ಮಾಡಿದೆ ನಿನಗೆ?"

"ಏನೂ ಕಡಿಮೆ ಮಾಡಿಲ್ಲ. ಅದೇ ನೋಡು ತೊಂದರೆ" ಎಂದಳು ಸಣ್ಣಿ. "ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಮೇಲೆ ರೇಗಿಲ್ಲ ನೀನು. ಒಂದು ದಿನ ಏನೂ ಕೇಳಿಲ್ಲ. ಗಿರಾಕಿ ಹತ್ರ ಇರ್ತೀಯಲ್ಲ, ಹಾಗೇ ಇದೀಯ ನನ್ನ ಹತ್ರ. ಅನ್ನದ ಋಣ ತೀರಿಸೋನ ಮನೇಲಿ ಕೂತು ನಾನು ಮುದುಕಿ ಆಗಲ್ಲ. ಇಷ್ಟ ಇದ್ದು ಇರೋದಾದ್ರೆ ಹೇಳು, ನಾನೂ ಇರ್ತೀನಿ. ಇಲ್ಲ ಅಂದ್ರೆ ನಿನಗೂ ಬಿಡುಗಡೆ, ನನಗೂ ಬಿಡುಗಡೆ."

"ಇಷ್ಟ ಇದೆ" ಎಂದ ಅಳಿಯ ತಕ್ಷಣ.

"ನೋಡು, ಇದಕ್ಕೂ ಆಯ್ತು ಅಂದ ಹಾಗೇ ಅಂದೆ" ಎಂದು ಅವಳು ಎದ್ದು ಕೈ ತೊಳೆದುಕೊಂಡಳು.

ಅಳಿಯ ಅಂಗಡಿಗೆ ಹೋಗಿ ಹಾಸ್ಟೆಲಿನ ಹಾಸಿಗೆಗಳ ನಡುವೆ ಕೂತ. ಊರಾಚೆಯ ಶಾಲೆಯ ಹಾಸ್ಟೆಲಿನವರು ಹಳೆಯ ಹಾಸಿಗೆಗಳನ್ನೆಲ್ಲ ಹೊಸದಾಗಿ ಹೊಲಿದುಕೊಡಲು ಕಳಿಸಿದ್ದರು. ಶಾಲೆ ತೆರೆಯುವುದರೊಳಗೆ ಮುಗಿಯಬೇಕು. ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟು ಹಗುರ ಮಾಡಿ, ಮತ್ತೆ ತುಂಬಿ, ನಡುನಡುವೆ ಗುಂಡಿ ಬಿದ್ದಂತೆ ದಾರದ ಟಾಕು ಹಾಕುವುದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ತಲೆಯೊಳಗೆ ಮಾತ್ರ ಸಣ್ಣಿ ಇಲ್ಲದ ಮನೆ ಹೇಗಿರುತ್ತದೆ ಎಂಬುದು ತಾನಾಗಿ ಎದ್ದು ನಿಂತಿತು. ಒಲೆಯ ಹತ್ತಿರ ಯಾರೂ ಮಾತಾಡುವುದಿಲ್ಲ. ಮುಚ್ಚಳಗಳನ್ನು ಯಾರೂ ಬೈಯುವುದಿಲ್ಲ. ಅಷ್ಟು ಯೋಚಿಸುವುದರೊಳಗೆ ಅವನ ಕೈ ತಪ್ಪಿ ಸೂಜಿ ಬೆರಳಿಗೆ ಚುಚ್ಚಿತು. ಮಾವ ಸತ್ತಾಗಲೂ ಹೀಗಾಗಿರಲಿಲ್ಲ. ತನಗೆ ಅವಳೆಂದರೆ ಇಷ್ಟ, ಅದೂ ಇವತ್ತು ನಿನ್ನೆಯದಲ್ಲ ಎಂದು ಅವನಿಗೆ ಆ ಕ್ಷಣ ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಇಂಥವರನ್ನು ನೋಡಿಯೇ ಕಟ್ಟಿರಬೇಕು.

ಗೊತ್ತಾಯಿತು ಸರಿ, ಅವಳಿಗೆ ಗೊತ್ತು ಮಾಡುವುದು ಹೇಗೆ? ಅಲ್ಲಿ ಸಿಕ್ಕಿಬಿದ್ದ. ನೀರು ತುಂಬಿಡೋಣವೆಂದರೆ ಯಾವತ್ತೂ ತುಂಬಿಡುವವನೇ. ಕಾಲೊತ್ತೋಣವೆಂದರೆ ಒತ್ತುತ್ತ ಬಂದವನೇ. ಹೂವು ತಂದುಕೊಟ್ಟ, "ಅಲ್ಲೇ ಇಡು" ಎಂದಳು, ಏಕೆಂದರೆ ವಾರಕ್ಕೊಮ್ಮೆ ತಪ್ಪದೆ ತರುತ್ತಿದ್ದ. ಪ್ರೀತಿ ಇದ್ದವನು ಏನೇನು ಮಾಡಬಹುದೋ ಅದನ್ನೆಲ್ಲ ಕರ್ತವ್ಯ ಮೊದಲೇ ಬಂದು ಮಾಡಿ ಮುಗಿಸಿ, ಪ್ರೀತಿಗೆ ಒಂದು ಕಡ್ಡಿ ಕೆಲಸವನ್ನೂ ಉಳಿಸಿರಲಿಲ್ಲ.

ಕ್ಷೌರಿಕನ ಹತ್ತಿರ ಹೋಗಿ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಕ್ಷೌರಿಕ ಕತ್ತಿ ಮಸೆಯುತ್ತ ಕೇಳಿಸಿಕೊಂಡು, "ಜಗಳ ಆಡು" ಎಂದ.

"ಯಾರ ಹತ್ರ?"

"ನನ್ನ ಹತ್ರ ಅಲ್ಲ ಮಾರಾಯ, ಕತ್ತಿ ನನ್ನ ಕೈಲಿದೆ. ಹೆಂಡ್ತಿ ಹತ್ರ ಆಡು. ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮಗೆ ಜಗಳಾನೇ ಇಲ್ಲ, ಬರೀ ಉಂಡು ಮಲಗೋದು. ರುಚಿ ಎಲ್ಲಿಂದ ಬರ್ಬೇಕು?"

ಮಾತು ಅಳಿಯನಿಗೆ ಹಿಡಿಸಿತು. ದಾರಿಯುದ್ದಕ್ಕೂ ಕೋಪವನ್ನು ಅಭ್ಯಾಸ ಮಾಡಿಕೊಂಡು ಮನೆಗೆ ಬಂದ. ಊಟಕ್ಕೆ ಕೂತು, ಎರಡು ತುತ್ತು ಉಂಡು, ತಟ್ಟೆಯನ್ನು ಒಂದು ಗೇಣು ಆಚೆ ತಳ್ಳಿ, "ಏನಿದು ಅಡುಗೆ! ಬಾಯಿಗಿಡೋಕಾಗಲ್ಲ, ಅಷ್ಟು ಉಪ್ಪು!" ಎಂದು ಗುಡುಗಿದ. ಗುಡುಗಿದೆ ಎಂದುಕೊಂಡ, ದನಿ ನಡುವೆಯೇ ಸೀಳಿತು. ಸಣ್ಣಿ ಅವನನ್ನು ನೋಡಿದಳು, ತಟ್ಟೆ ನೋಡಿದಳು, ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಇವತ್ತು ಉಪ್ಪು ಹಾಕೋದೇ ಮರೆತಿದೀನಲ್ಲೋ" ಎಂದಳು.

ಆಮೇಲೆ ಅವಳು ನಕ್ಕಳು. ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವನೂ ನಕ್ಕ. ಎಷ್ಟೋ ಕಾಲದ ಮೇಲೆ ಆ ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ನಕ್ಕದ್ದು ಅದು. ಆದರೆ ನಗು ನಿಂತ ಮೇಲೆ ಸಣ್ಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಕ್ಷೌರಿಕ ಹೇಳಿಕೊಟ್ನಾ?" ಎಂದು ಕೇಳಿದಳು. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿಲ್ಲ. ತಲೆಯಾಡಿಸಿದ. "ಪಾಪ" ಎಂದಳು ಅವಳು. ಅದು ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಎರಡು ದಿನಕ್ಕೆಂದು ಸಣ್ಣಿ ಅಕ್ಕನ ಮನೆಗೆ ಹೋದಳು. ತನಗಾಗಿ ಅಕ್ಕ ತೆರವು ಮಾಡುತ್ತಿದ್ದ ಕೋಣೆಯನ್ನು ನೋಡಿ ಬರಲು ಹೋಗಿದ್ದಳು ಎಂಬುದು ಅಳಿಯನಿಗೂ ಗೊತ್ತಿತ್ತು. ಅವಳಿಲ್ಲದ ಮನೆಯಲ್ಲಿ ಒಬ್ಬನೇ ಮಲಗಿದ್ದಾಗ ಅವನ ಬೆನ್ನಿಗೆ ಹಾಸಿಗೆ ಒತ್ತಿತು. ಅವರ ಹಾಸಿಗೆ ಎರಡು ಕಡೆ ಹಳ್ಳ ಬಿದ್ದು ನಡುವೆ ದಿಣ್ಣೆ ಎದ್ದಿತ್ತು. ಆ ಕಡೆಯ ಹಳ್ಳ ಅವಳದು, ಈ ಕಡೆಯದು ಇವನದು. ಊರಿನ ಹಾಸಿಗೆಗಳನ್ನೆಲ್ಲ ಹೊಸದು ಮಾಡಿದವನು ತನ್ನ ಮನೆಯ ಹಾಸಿಗೆಯನ್ನು ಮದುವೆಯಾದಂದಿನಿಂದ ಬಿಚ್ಚಿರಲಿಲ್ಲ. ಯಾಕೆಂದರೆ ಯಾರೂ ಹೇಳಿರಲಿಲ್ಲ. ಹೇಳದೆ ಅವನು ಏನನ್ನೂ ಮಾಡಿದವನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಚೌಕಾಶಿಗೆ ನಿಂತ ಪ್ರತಿ ಗಿರಾಕಿಯೂ ಅವನಿಗೆ ಬುದ್ಧಿ ಹೇಳುತ್ತಿದ್ದ. ಅವನು ಅದನ್ನು ನಂಬಿ, ಇದ್ದ ಹಳ್ಳದಲ್ಲೇ ಕಾಲು ಮಡಚಿ ಮಲಗಿಬಿಟ್ಟಿದ್ದ.

ಬೆಳಗಾಗುತ್ತಲೇ ಹಾಸಿಗೆಯನ್ನು ಹೊತ್ತು ಅಂಗಡಿಗೆ ತಂದ. ಸಣ್ಣಿ ಬರುವುದರೊಳಗೆ ಹೊಸದು ಮಾಡಿ ಹಾಸಿರಬೇಕು. ಬಂದವಳು ನೋಡಬೇಕು. ಬಾಯಿಂದ ಬಾರದ್ದನ್ನು ಹಾಸಿಗೆಯಾದರೂ ಹೇಳೀತು.

ಮಾವನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾರದೇ ಹಾಸಿಗೆಯಾಗಲಿ, ತಂದವರ ಎದುರಿಗೇ ಬಿಚ್ಚಬೇಕು, ಬಿಚ್ಚುವ ಮೊದಲು "ಒಳಗೆ ಏನಾದರೂ ಇಟ್ಟಿದ್ದೀರಾ?" ಎಂದು ಕೇಳಬೇಕು. ಜನ ಹಾಸಿಗೆಯೊಳಗೆ ಏನೇನೋ ಇಟ್ಟು ಹೊಲಿಯುತ್ತಾರೆ. ಒಡವೆ ಇಡುತ್ತಾರೆ, ಸತ್ತ ಗಂಡನ ಅಂಗಿ ಇಡುತ್ತಾರೆ, ಯಾರಿಗೂ ತೋರಿಸದ ಫೋಟೋ ಇಡುತ್ತಾರೆ. ಅಳಿಯ ಈ ಪ್ರಶ್ನೆಯನ್ನು ಒಬ್ಬ ಗಿರಾಕಿಗೂ ಕೇಳದೆ ಬಿಟ್ಟವನಲ್ಲ. ಹಾಸ್ಟೆಲಿನ ವಾರ್ಡನ್ನಿಗೂ ಕೇಳಿ, ಅವನಿಂದ ಬೈಸಿಕೊಂಡಿದ್ದ. ಆದರೆ ಇದು ಗಿರಾಕಿಯ ಹಾಸಿಗೆಯಲ್ಲವಲ್ಲ, ತನ್ನದೇ ಮನೆಯದು. ಕೇಳಿ ಮಾಡಿದರೆ ಅದು ಮತ್ತೆ ಕೆಲಸವಾಗುತ್ತದೆ. ಜೀವಮಾನದಲ್ಲಿ ಮೊದಲ ಸಲ ಅವನು ಯಾರನ್ನೂ ಕೇಳದೆ, ಖುಷಿಯಿಂದ, ಒಂದು ಹೊಲಿಗೆಗೆ ಕತ್ತರಿ ಹಾಕಿದ.

ಸಣ್ಣಿ ಮಲಗುವ ಕಡೆ, ತಲೆದಿಂಬಿನ ಮೂಲೆಯಲ್ಲಿ, ಒಂದು ಗೇಣುದ್ದ ಬೇರೆ ದಾರದ ಹೊಲಿಗೆಯಿತ್ತು. ಅಂಗಡಿಯ ಕೈಯಲ್ಲ ಅದು, ವಕ್ರವಕ್ರ, ಒತ್ತೊತ್ತು. ಹರಿದಿದ್ದನ್ನು ಪಾಪ ಅವಳೇ ಹೊಲಿದುಕೊಂಡಿದ್ದಾಳೆ, ಹಾಸಿಗೆಯವನ ಹೆಂಡತಿಗೆ ಈ ಗತಿ ಎಂದು ಅವನಿಗೆ ನಾಚಿಕೆಯಾಯಿತು, ಅವಳ ಮೇಲೆ ಅಕ್ಕರೆ ಉಕ್ಕಿತು. ಆ ಹೊಲಿಗೆಯನ್ನೂ ಬಿಚ್ಚಿದ. ಒಳಗಿನ ಹತ್ತಿಯೆಲ್ಲ ಮಾಸಿ ಹೋಗಿತ್ತು, ಆದರೂ ಜೀವವಿತ್ತು. ಹತ್ತಿಗೆ ಮುಪ್ಪಿಲ್ಲ, ಬಡಿದರೆ ಮತ್ತೆ ಹೊಸದು ಎಂದು ಮಾವ ಹೇಳುತ್ತಿದ್ದರು. ಹಾಸ್ಟೆಲಿನ ಹಾಸಿಗೆಗಳಿಗೆ ಹತ್ತಿ ಸಾಲದೆ ಬಂದಿತ್ತು. ಇದನ್ನು ಅದರ ಜೊತೆ ಯಂತ್ರಕ್ಕೆ ಹಾಕಿ, ಅವರ ಕೊನೆಯ ಹಾಸಿಗೆಗಳಿಗೆ ತುಂಬಿಸಿ, ಮಧ್ಯಾಹ್ನವೇ ಗಾಡಿಗೆ ಏರಿಸಿ ಕಳಿಸಿಬಿಟ್ಟ. ತನ್ನ ಸಣ್ಣಿಗೆ ಹಳೆಯದು ಬೇಡ. ಮೂಟೆಯಲ್ಲಿದ್ದ ಹೊಸ ಹತ್ತಿಯಲ್ಲಿ ಒಳ್ಳೊಳ್ಳೆಯದನ್ನೇ ಆರಿಸಿ ತೆಗೆದ.

ಯಂತ್ರದ ಕಡೆ ಹೋದವನಿಗೆ ಯಾಕೋ ಮನಸ್ಸು ಬರಲಿಲ್ಲ. ಗೋಡೆಯ ಮೇಲೆ ಅವನ ಅಪ್ಪ ಬಳಸುತ್ತಿದ್ದ ಎಕ್ಕುವ ಬಿಲ್ಲು ಧೂಳು ಹಿಡಿದು ತೂಗುತ್ತಿತ್ತು. ಅದನ್ನಿಳಿಸಿ, ನರದ ಹೆದೆಯನ್ನು ಬಿಗಿದು, ಮೀಟಿದ. ಝುಂ ಎಂದಿತು. ಚಿಕ್ಕವನಿದ್ದಾಗ ಆ ಸದ್ದು ಕೇಳುತ್ತ ಹತ್ತಿಯ ಗುಡ್ಡೆಯೊಳಗೆ ನಿದ್ದೆ ಹೋಗುತ್ತಿದ್ದದ್ದು ನೆನಪಾಯಿತು. ಋಣ ಎಂಬ ಮಾತು ಕಿವಿಗೆ ಬೀಳುವ ಮೊದಲು ಅವನಿಗೆ ಈ ಕೆಲಸವೆಂದರೆ ಬಹಳ ಇಷ್ಟವಿತ್ತು! ಮರೆತೇಬಿಟ್ಟಿದ್ದ. ಹತ್ತಿ ನೊರೆಯಾಗಿ ಎದ್ದು ಎದ್ದು ಬೀಳುತ್ತಿತ್ತು. ಕೆಮ್ಮು ಬಂದರೂ ಬಿಡದೆ ಎಕ್ಕಿದ. ಎಷ್ಟೋ ವರ್ಷದಿಂದ ಇದ್ದ ಕೆಮ್ಮು, ಅದಕ್ಕೆ ಅವನು ಬೆಲೆ ಕೊಟ್ಟವನಲ್ಲ. ಟಾಕುಗಳನ್ನು ಒಂದೊಂದಾಗಿ, ಅವಳ ಭುಜ ಎಲ್ಲಿ ಬರುತ್ತದೆ, ಸೊಂಟ ಎಲ್ಲಿ ಬರುತ್ತದೆ ಎಂದು ಎಣಿಸಿ ಹಾಕಿದ. ಬಾಯಲ್ಲಿ ಏನೋ ಹಾಡು ಗುನುಗುತ್ತಿತ್ತು. ಕ್ಷೌರಿಕ ಹಣಕಿ ನೋಡಿ, "ಏನೋ ಅಳಿಯ, ಮದುವೆ ಗೊತ್ತಾಯ್ತಾ?" ಎಂದ. "ಹೌದು ಕಣೋ" ಎಂದ ಅಳಿಯ. ಆ ಒಂದು ದಿನ ಅವನು ನಿಜವಾಗಿಯೂ ಸುಖವಾಗಿದ್ದ.

ಮಾರನೆಯ ಮಧ್ಯಾಹ್ನ ಸಣ್ಣಿ ಬಂದಳು. ಚೀಲ ಇಳಿಸಿ, ಕೋಣೆಯ ಬಾಗಿಲಲ್ಲಿ ನಿಂತವಳು ಹಾಸಿಗೆ ಕಂಡು ಹುಬ್ಬೇರಿಸಿದಳು. ಸಪಾಟಾಗಿ, ದಿಣ್ಣೆಯಿಲ್ಲದೆ, ಹೊಸ ಬಟ್ಟೆಯ ವಾಸನೆಯೊಂದಿಗೆ ಅದು ಮಂಚ ತುಂಬಿಕೊಂಡಿತ್ತು.

"ನೀನು ಮಾಡಿದ್ಯಾ?"

"ನಿನಗೇಂತ ಮಾಡಿದೆ. ಯಾರೂ ಹೇಳ್ಲಿಲ್ಲ ನನಗೆ" ಎಂದ ಅಳಿಯ. ಅವನಿಗೆ ಗೊತ್ತಿದ್ದ ಪ್ರೇಮದ ಮಾತು ಅಷ್ಟೇ.

ಸಣ್ಣಿಯ ಮುಖ ಸಡಿಲಿತು. ಇನ್ನೇನು ಅವಳು ಏನೋ ಹೇಳುತ್ತಾಳೆ ಎನ್ನಿಸಿತು. ಹಾಸಿಗೆಯ ಮೇಲೆ ಕೂತಳು, ಮಲಗಿದಳು, ಮಲಗಿದ ಮೇಲೆ ಅಭ್ಯಾಸಬಲದಿಂದ ಅವಳ ಕೈ ದಿಂಬಿನ ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ಒತ್ತಿದಳು. ಮತ್ತೆ ಒತ್ತಿದಳು. ಎದ್ದು ಕೂತು ದಿಂಬನ್ನು ಎಸೆದು ಎರಡು ಕೈಯಲ್ಲೂ ಹಿಚುಕಿದಳು.

"ಹಳೇ ಹತ್ತಿ ಎಲ್ಲಿ?"

"ಹಾಸ್ಟೆಲ್ ಹಾಸಿಗೆಗೆ ಹಾಕಿದೆ. ನಿನ್ನೆನೇ ಹೋಯ್ತು. ಯಾಕೆ? ಒಡವೆ ಏನಾದ್ರೂ..."

"ಪಾಪೂದು ಇತ್ತು" ಎಂದಳು.

ಅಳಿಯನಿಗೆ ತಿಳಿಯಲಿಲ್ಲ. ಅವಳು ಅವನ ಕಡೆ ನೋಡದೆ ಹೇಳಿದಳು. "ಅದರ ಪುಟ್ಟ ಹಾಸಿಗೆ. ನೀನು ಎಲ್ಲಾ ಗಂಟು ಕಟ್ಟಿ ಕೊಟ್ಟೆಯಲ್ಲ, ಅದರ ಹಿಂದಿನ ದಿನ ನಾನು ಹತ್ತಿ ತೆಗೆದು ಇಲ್ಲಿ ತುಂಬಿಸಿ ಹೊಲಿದೆ. ದಿನಾ ಅದರ ಮೇಲೆ ತಲೆ ಇಟ್ಟು ಮಲಗ್ತಿದ್ದೆ. ಅಲ್ಲೋ ಮಾರಾಯ, ಬಿಚ್ಚೋ ಮುಂಚೆ ಒಂದು ಮಾತು ಕೇಳೋಕಾಗ್ಲಿಲ್ವಾ? ಊರೋರಿಗೆಲ್ಲ ಕೇಳ್ತೀಯಲ್ಲ. ನನ್ನೊಬ್ಬಳನ್ನ ಕೇಳೋಕಾಗ್ಲಿಲ್ವಾ?"

ಋಣಕ್ಕೆ ಮಾಡಿದ್ದರೆ ಕೇಳಿರುತ್ತಿದ್ದ. ಅದು ಅಳಿಯನಿಗೂ ಹೊಳೆಯಿತು. ಪ್ರೀತಿಯಿಂದ ಮಾಡಿದ, ಅದಕ್ಕೇ ಕೇಳಲಿಲ್ಲ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅವನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಓಡಿದ.

ಹಾಸ್ಟೆಲಿನಲ್ಲಿ ಉದ್ದ ಕೋಣೆ, ಎರಡೂ ಗೋಡೆಗೆ ಸಾಲು ಮಂಚ. ಹಾಸಿಗೆಗಳನ್ನೆಲ್ಲ ಹಾಸಿ ಮೇಲೆ ಒಂದೇ ಬಣ್ಣದ ಹೊದಿಕೆ ಹೊದಿಸಿಯಾಗಿತ್ತು. ಕೊನೆಯಲ್ಲಿ ಬಂದವು ಯಾವುವು ಎಂದು ಕೇಳಿದರೆ, ಎಲ್ಲ ಒಂದೇ ತರಹ ಇವೆಯಲ್ಲಪ್ಪ ಎಂದ ವಾರ್ಡನ್. ನಿಜ, ಒಂದೇ ತರಹ ಇದ್ದವು. ಒಂದರ ಹಾಗೆ ಇನ್ನೊಂದು ಇರುವಂತೆ ಹೊಲಿಯುವುದರಲ್ಲಿ ಅಳಿಯನನ್ನು ಮೀರಿಸಿದವರಿರಲಿಲ್ಲ. ಅವನು ಒಂದೊಂದು ಮಂಚದ ಹತ್ತಿರವೂ ಹೋಗಿ ಕೈಯಲ್ಲಿ ಒತ್ತಿ ನೋಡಿದ. ಯಂತ್ರದಿಂದ ಬಂದ ಹತ್ತಿಯಲ್ಲಿ ಯಾವುದು ಯಾರದು? ಹಾಲಿಗೆ ಬಿದ್ದ ನೀರನ್ನು ಹುಡುಕಿದ ಹಾಗೆ ಅದು. "ಹೊಲಿಗೆ ತಪ್ಪಿದೆಯಾ? ಇನ್ನೊಂದು ದಿನ ನೋಡೋಣ ಬಿಡು, ಮಕ್ಕಳು ಬರೋ ಹೊತ್ತಾಯ್ತು" ಎಂದ ವಾರ್ಡನ್.

ಅಳಿಯ ಒಂದು ಮಂಚದ ಮೇಲೆ ಕೂತುಬಿಟ್ಟ. ಎದೆಯಿಂದ ಏನೋ ಎದ್ದು ಬಂತು. ಕೆಮ್ಮೆಂದುಕೊಂಡ, ಅಳು ಬಂತು. ಅಂಗೈಯಗಲದ ಆ ಮುಖ, ಬೆರಳು ಕೊಟ್ಟರೆ ಬಿಗಿಯಾಗಿ ಹಿಡಿಯುತ್ತಿದ್ದ ಮುಷ್ಟಿ, ಎಲ್ಲ ಒಟ್ಟಿಗೆ ಬಂತು. ಇಷ್ಟು ವರ್ಷ ಎಲ್ಲಿತ್ತೋ! ದೊಡ್ಡ ದನಿ ತೆಗೆದು, ರಜೆ ಮುಗಿಸಿ ಬಂದ ಮಕ್ಕಳು ಬಾಗಿಲಲ್ಲಿ ಗುಂಪುಗೂಡಿ ನೋಡುವ ಹಾಗೆ ಅತ್ತ. ಆಮೇಲೆ ಕೆಮ್ಮು ನಿಜವಾಗಿಯೂ ಹಿಡಿದುಕೊಂಡಿತು, ಉಸಿರು ಸಿಗದಾಯಿತು. ವಾರ್ಡನ್ ಹೆದರಿ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದು ಬಿಟ್ಟ.

ಸಣ್ಣಿ ಬಾಗಿಲಲ್ಲಿದ್ದಳು. ಅವನ ಕೆನ್ನೆ ಇನ್ನೂ ಒದ್ದೆಯಿತ್ತು.

"ಈಗ ಅಳ್ತೀಯಾ?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಬಹಳ ದಣಿದಿದ್ದಳು. "ಆವತ್ತು ನೀನು ಒಂದು ಸಲ ಹೀಗೆ ಅತ್ತಿದ್ರೆ, ನಾನು ಹತ್ತಿ ಯಾಕೆ ಬಚ್ಚಿಡ್ತಿದ್ದೆ? ನಿನ್ನ ಜೊತೇಲೇ ಅಳ್ತಿದ್ದೆ."

ಅಳಿಯ ಬಾಗಿಲ ಚೌಕಟ್ಟು ಹಿಡಿದು, ಕೆಮ್ಮುತ್ತ ಹೊಸ್ತಿಲ ಮೇಲೇ ಕೂತುಬಿಟ್ಟ.

ಡಾಕ್ಟರ್ ಬಂದು ಎದೆಗೆ ಕೊಳವೆ ಇಟ್ಟು ಕೇಳಿ, ಹತ್ತಿಯ ಹತ್ತಿರ ಇನ್ನು ಕಾಲಿಡಬೇಡ ಎಂದರು. ಕಾಲಿಡುವ ಶಕ್ತಿಯೂ ಅವನಿಗಿರಲಿಲ್ಲ. ಅಪ್ಪನಿಗೆ ಬಂದದ್ದೇ ಅವನಿಗೂ ಬಂದಿತ್ತು, ಅಪ್ಪನಿಗಿಂತ ಸ್ವಲ್ಪ ತಡವಾಗಿ. ಅಂಗಡಿ ಬಾಗಿಲು ಹಾಕಿತು. ತಾನು ಮಾಡಿದ ಹೊಸ ಹಾಸಿಗೆಯ ಮೇಲೆ ತಾನೇ ಬಿದ್ದುಕೊಂಡ. ಸಣ್ಣಿ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗತೊಡಗಿದಳು. ರೋಗಿಗೆ ಜಾಗ ಬೇಕಲ್ಲ ಎಂದಳು.

ಹೇಳಿದ ಹಾಗೆ ಅಕ್ಕ ಒಂದು ಬೆಳಗ್ಗೆ ಗಾಡಿ ಮಾಡಿಕೊಂಡು ಬಂದಳು. ಅಳಿಯನನ್ನು ಮಾತಾಡಿಸಿ, ಅಡುಗೆಮನೆಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಮಾತು ಪೂರ್ತಿ ಕೇಳುತ್ತಿತ್ತು.

"ಬರ್ತೀನಿ ಅಂದಿದ್ದೆಯಲ್ಲೇ. ಕೋಣೆ ಬಣ್ಣ ಹೊಡೆಸಿದೀನಿ."

"ಅಂದಿದ್ದೆ. ಈ ಸ್ಥಿತೀಲಿ ಹೇಗೆ ಬಿಟ್ಟು ಬರಲಿ ಅಕ್ಕ? ಅಪ್ಪನ್ನ ಅಷ್ಟು ನೋಡ್ಕೊಂಡೋನು. ಇನ್ನು ಅವನನ್ನ ನೋಡ್ಕೊಳ್ಳೋದು ನನ್ನ ಜವಾಬ್ದಾರಿ ಅಲ್ವಾ."

"ಜವಾಬ್ದಾರಿ ಬಿಡು. ಅವನ ಮೇಲೆ ನಿನಗೆ ಪ್ರೀತಿ ಇದೆಯೇನೇ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅಳಿಯ ಉಸಿರು ಹಿಡಿದ. ಹಿಡಿದರೆ ಕೆಮ್ಮು ಬರುತ್ತದೆಂದು ಗೊತ್ತಿದ್ದೂ ಹಿಡಿದ.

"ಇತ್ತು. ಬೇಕಾದಷ್ಟಿತ್ತು" ಎಂದಳು ಸಣ್ಣಿ. "ಈಗ ಹುಡುಕಿದ್ರೆ ಸಿಕ್ತಾ ಇಲ್ಲ. ಹೋಗ್ಲಿ ಬಿಡು, ಕೈ ಕಾಲು ಗಟ್ಟಿ ಇದೆಯಲ್ಲ, ಮಾಡ್ತೀನಿ."

ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ, ಇದನ್ನು ಹಿಡಿದುಕೊಂಡು ಎಷ್ಟು ವರ್ಷ ಬೇಕಾದರೂ ದೂಡಬಹುದು ಎಂಬುದು ಅಳಿಯನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಅವಳು ಇನ್ನು ನೀರು ತುಂಬಿಡುತ್ತಾಳೆ, ಹಣೆ ಒತ್ತುತ್ತಾಳೆ, ರೇಗುವುದಿಲ್ಲ. ಒಲೆಯ ಹತ್ತಿರ ಮಾತಾಡುವುದನ್ನು ಆಗಲೇ ಬಿಟ್ಟಿದ್ದಳು. ಬೇಡ, ಇದು ಮಾತ್ರ ಬೇಡ ಎಂದು ಅವನ ಮನಸ್ಸು ಕೂಗಿತು. ತಾನು ಇಲ್ಲಿ ಒಬ್ಬನೇ ಸತ್ತರೂ ಚಿಂತೆಯಿಲ್ಲ, ಅವಳು ಆ ಬಣ್ಣ ಹೊಡೆಸಿದ ಕೋಣೆಯಲ್ಲಿ ಮುಚ್ಚಳಗಳಿಗೆ ಬೈದುಕೊಂಡು ಇರಲಿ.

"ಸಣ್ಣೀ" ಎಂದು ಕರೆದ. ಅವಳು ಬಂದಳು, ಕೈಯಲ್ಲಿ ನೀರಿನ ಲೋಟ.

"ನೀನು ಅಕ್ಕನ ಜೊತೆ ಹೋಗು. ನನಗೋಸ್ಕರ ಇರ್ಬೇಡ. ನಿಜವಾಗ್ಲೂ ಹೇಳ್ತಿದೀನಿ. ನೀನು ಇಲ್ಲಿರೋದು ನನಗಿಷ್ಟ ಇಲ್ಲ, ಹೋಗು" ಎಂದ. ಅಷ್ಟು ಹೇಳುವುದರೊಳಗೆ ಹಣೆಯಲ್ಲಿ ಬೆವರೊಡೆಯಿತು. ತನ್ನ ಬಾಳಿನಲ್ಲಿ ಯಾರ ಮಾತಿಗೂ ಅಲ್ಲದೆ, ಯಾವ ಋಣಕ್ಕೂ ಅಲ್ಲದೆ, ಬರೀ ಅವಳಿಗಾಗಿ ಅವನು ಆಡಿದ ಮಾತು ಅದು.

ಸಣ್ಣಿ ಲೋಟವನ್ನು ಪಕ್ಕಕ್ಕಿಟ್ಟಳು. ಆಮೇಲೆ ಹೊದಿಕೆ ಸರಿಮಾಡುತ್ತ ಅಂದಳು. "ನೀನು ಹೀಗೆ ಹೇಳ್ತೀಯ ಅಂತ ಗೊತ್ತಿತ್ತು. ಯಾವಾಗ ಏನು ಹೇಳ್ಬೇಕೋ ಅದನ್ನ ಹೇಳದೆ ಬಿಟ್ಟೋನಲ್ಲ ನೀನು. ಅಪ್ಪ ಇದ್ದಿದ್ರೆ ಮೆಚ್ಕೋತಿದ್ರು."

"ಹಾಗಲ್ಲ ಸಣ್ಣಿ..." ಎಂದು ಶುರು ಮಾಡಿದ. ಕೆಮ್ಮು ಬಂದು ಮಾತನ್ನು ನುಂಗಿತು. ಅವಳು ಬೆನ್ನು ನೀವಿದಳು, ತಲೆ ಎತ್ತಿ ಹಿಡಿದು ಲೋಟವನ್ನು ತುಟಿಗಿಟ್ಟಳು. ಅವನು ಅವಳ ಮುಖದಲ್ಲಿ ಎಲ್ಲಾದರೂ ಒಂದಿಷ್ಟು ಬೇಸರ, ಒಂದು ಸಿಡುಕು ಇದೆಯೇನೋ ಎಂದು ಹುಡುಕಿದ. ಇರಲಿಲ್ಲ. ನೀರು ಕುಡಿಯಲು ಎಷ್ಟು ಬೇಕೋ ಅಷ್ಟೇ ಬೆಚ್ಚಗಿತ್ತು. ಹೊರಗೆ ಅಕ್ಕನ ಗಾಡಿ ಹೊರಟ ಸದ್ದಾಯಿತು.